ಸೂರಕ್ಕಿ: ಗಂಡು ಯಾವುದು, ಹೆಣ್ಣು ಯಾವುದು?

ಲಾಲ್‌ಬಾಗ್‌ನಲ್ಲಾಗಲಿ, ಮನೆ ಮುಂದಿನ ದಾಸವಾಳದ ಗಿಡದಲ್ಲಾಗಲಿ ಬೆಂಗಳೂರಿನ ಕಡೆ ಕಣ್ಣಿಗೆ ಬೀಳುವ ಸೂರಕ್ಕಿಗಳು ಮುಖ್ಯವಾಗಿ ಮೂರು. ಪರ್ಪಲ್-ರಂಪ್ಡ್ ಸನ್‌ಬರ್ಡ್, ಪರ್ಪಲ್ ಸನ್‌ಬರ್ಡ್, ಲೋಟನ್ಸ್ ಸನ್‌ಬರ್ಡ್. ಮೂರೂ ಗುಬ್ಬಿಗಿಂತ ಚಿಕ್ಕವು, ಮೂರಕ್ಕೂ ಬಾಗಿದ ಕೊಕ್ಕು, ಒಂದೂ ನಿಂತಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಹಕ್ಕಿ ನೋಡುವವರು ‘ಮಿಂಚುವುದು ಗಂಡು, ಮಂಕಾಗಿರುವುದು ಹೆಣ್ಣು’ ಅಂತ ಬರೆದುಕೊಂಡುಬಿಡುತ್ತಾರೆ. ಈ ಲೆಕ್ಕ ವರ್ಷವಿಡೀ ನಡೆಯುವುದಿಲ್ಲ. ಅದಕ್ಕೇ ಈ ಟಿಪ್ಪಣಿ.

ಮೊದಲು ಬೆಳಕಿನ ವಿಷಯ. ಗಂಡಿನ ಮೈಮೇಲಿನ ನೀಲಿ, ನೇರಳೆ, ಹಸಿರು ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಸೂಕ್ಷ್ಮ ಎಳೆಗಳಲ್ಲಿ ಮೆಲನಿನ್ ಅನ್ನುವ ಕಪ್ಪು ವಸ್ತು ಪದರ ಪದರವಾಗಿ ಕೂತಿರುತ್ತದೆ. ಅದಕ್ಕೆ ಬೆಳಕು ತಾಗಿದಾಗ ಈ ಬಣ್ಣಗಳು ಹುಟ್ಟುತ್ತವೆ. ಹಾಗಾಗಿ ನೆರಳಿನಲ್ಲಿ ಅದೇ ಹಕ್ಕಿ ಬರೀ ಕಪ್ಪು. ಸೂರ್ಯ ನಿಮ್ಮ ಬೆನ್ನ ಹಿಂದೆ ಬರುವಂತೆ ಜಾಗ ಬದಲಿಸಿ ನೋಡಿ, ಆಮೇಲೆ ಬಣ್ಣ ಬರೆದುಕೊಳ್ಳಿ.

ಪರ್ಪಲ್-ರಂಪ್ಡ್ ಸುಲಭ. ಗಂಡಿಗೆ ಕಂದುಗೆಂಪು ಬೆನ್ನು, ಹಳದಿ ಹೊಟ್ಟೆ, ನೇರಳೆ ಗಂಟಲು, ತಲೆ ಮೇಲೆ ಹಸಿರು ಹೊಳಪು. ಹೆಣ್ಣಿಗೆ ಬೂದುಬಿಳಿ ಗಂಟಲು, ಅದರ ಕೆಳಗೆ ಹಳದಿ ಎದೆ. ಈ ಬಿಳಿ ಗಂಟಲನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಪ್ಪಾಗಿ ಕಾಣುವ ಗಂಡು ಬಂತು ಅಂದ್ರೆ ಅದು ಪರ್ಪಲ್ ಇರಬಹುದು, ಲೋಟನ್ಸ್ ಇರಬಹುದು. ಎದೆಯ ಅಡ್ಡಪಟ್ಟಿ ನೋಡಿ ತೀರ್ಮಾನಿಸಬೇಡಿ. ಲೋಟನ್ಸ್‌ಗೆ ಕಂದುಗೆಂಪು ಪಟ್ಟಿ ಇರುವುದು ನಿಜ, ಆದರೆ ಪರ್ಪಲ್ ಗಂಡಿನ ಎದೆಯಲ್ಲೂ ತೆಳುವಾಗಿ ಅಂಥದ್ದೇ ಒಂದು ಗೆರೆ ಇರುತ್ತದೆ. ಕೊಕ್ಕು ನೋಡಿ. ಲೋಟನ್ಸ್‌ದು ಎದ್ದು ಕಾಣುವಷ್ಟು ಉದ್ದ, ಕುಡುಗೋಲಿನ ಹಾಗೆ ಬಾಗಿರುತ್ತದೆ. ಆಮೇಲೆ ಹೊಟ್ಟೆ. ಲೋಟನ್ಸ್‌ದು ಹೊಳಪಿಲ್ಲದ ಮಸಿಗಂದು, ಪರ್ಪಲ್‌ದು ನೀಲಿಗಪ್ಪು. ಲೋಟನ್ ಅಂದರೆ 18ನೇ ಶತಮಾನದಲ್ಲಿ ಸಿಲೋನಿನಲ್ಲಿ ಡಚ್ ಗವರ್ನರ್ ಆಗಿದ್ದವರು. ಈ ಹಕ್ಕಿ ಇರುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ನಮ್ಮ ತೋಟದಲ್ಲೇ ಸಿಗುತ್ತದಲ್ಲ ಅಂತ ನನಗೆ ಯಾವತ್ತೂ ಖುಷಿ.

ಈಗ ನಿಜವಾದ ಗೊಂದಲಕ್ಕೆ ಬರೋಣ. ಗೂಡು ಕಟ್ಟುವ ಕಾಲ ಮುಗಿದ ಮೇಲೆ ಪರ್ಪಲ್ ಗಂಡು ತನ್ನ ಹೊಳೆಯುವ ಗರಿಗಳನ್ನು ಉದುರಿಸಿ ಸಾದಾ ವೇಷಕ್ಕೆ ಬರುತ್ತದೆ. ಇದನ್ನು ಎಕ್ಲಿಪ್ಸ್ ಪುಕ್ಕ ಅನ್ನುತ್ತಾರೆ. ಆಗ ಮೇಲೆ ಮಂಕು ಕಂದು, ಕೆಳಗೆ ಹಳದಿ, ದೂರದಿಂದ ಹೆಣ್ಣೇ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಗಲ್ಲದಿಂದ ಹೊಟ್ಟೆಯವರೆಗೆ ನಡುವೆ ಒಂದು ಕಪ್ಪು ಗೆರೆ ಇಳಿದಿರುತ್ತದೆ. ರೆಕ್ಕೆಗಳು ಹೆಣ್ಣಿನದಕ್ಕಿಂತ ಕಪ್ಪು. ಹೂವಿಗೆ ಬಗ್ಗಿದಾಗ ಭುಜದ ಹತ್ತಿರ ಒಂದು ಚಿಕ್ಕ ನೀಲಿ ಹೊಳಪು ಫಳ್ ಅನ್ನುತ್ತದೆ. ಹೆಣ್ಣಿಗೆ ಈ ಹೊಳಪು ಯಾವ ಕಾಲದಲ್ಲೂ ಇಲ್ಲ. ಬೆಳೆಯುತ್ತಿರುವ ಗಂಡುಮರಿಗೂ ಗಂಟಲು ಕಪ್ಪಾಗುತ್ತದೆ, ಆದ್ದರಿಂದ ಗೆರೆಯೊಂದನ್ನೇ ನಂಬದೆ ಭುಜವನ್ನೂ ನೋಡಿ. ವೇಷ ಬದಲಿಸುವ ನಡುವಿನ ದಿನಗಳಲ್ಲಿ ಮೈಮೇಲೆ ಅಲ್ಲಲ್ಲಿ ಕಪ್ಪು ತೇಪೆ ಇರುವ ಗಂಡೂ ಸಿಗುತ್ತದೆ. ಅದು ಬೇರೆ ಜಾತಿಯಲ್ಲ. ಪರ್ಪಲ್-ರಂಪ್ಡ್‌ನಲ್ಲಿ ಈ ವೇಷ ಬದಲಾವಣೆ ಇಲ್ಲ, ಪೂರ್ತಿ ಬೆಳೆದ ಗಂಡು ವರ್ಷವಿಡೀ ಒಂದೇ ಬಣ್ಣ.

ಹೆಣ್ಣು ಹೆಣ್ಣುಗಳ ನಡುವೆ ಬೇರ್ಪಡಿಸೋದು ಇನ್ನೂ ಕಷ್ಟ, ಅಲ್ವಾ? ಗಂಟಲಿನಿಂದ ಶುರು ಮಾಡಿ. ಬಿಳಿಯಾಗಿದ್ದು ಎದೆ ಹಳದಿ ಇದ್ದರೆ ಪರ್ಪಲ್-ರಂಪ್ಡ್. ಗಂಟಲಿನಿಂದಲೇ ತಿಳಿ ಹಳದಿ ಇದ್ದರೆ ಉಳಿದ ಎರಡರಲ್ಲಿ ಒಂದು. ಆಗ ಕಣ್ಣಿನ ಮೇಲೆ ತೆಳು ಹುಬ್ಬು ಕಂಡರೆ ಪರ್ಪಲ್. ಹುಬ್ಬಿಲ್ಲದೆ ಕೊಕ್ಕು ಉದ್ದವಾಗಿದ್ದರೆ ಲೋಟನ್ಸ್.

ಪುಕ್ಕ ಸರಿಯಾಗಿ ಕಾಣದಿದ್ದರೆ ಕೆಲಸ ನೋಡಿ. ಜೇಡರ ಬಲೆ, ತೊಗಟೆ ಚೂರು, ಕಸಕಡ್ಡಿ ಸೇರಿಸಿ ತೂಗುವ ಗೂಡು ಹೆಣೆಯುವುದು ಹೆಚ್ಚಾಗಿ ಹೆಣ್ಣೇ. ಆದರೆ ಮರಿಗೆ ಗುಟುಕು ಕೊಡಲು ಎರಡೂ ಬರುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಮಲೆನಾಡು, ಕೊಡಗಿನ ಕಡೆ ಹೋದರೆ ನಾಲ್ಕನೆಯದೊಂದು ಸೇರುತ್ತದೆ, ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಕ್ರಿಮ್ಸನ್-ಬ್ಯಾಕ್ಡ್ ಸನ್‌ಬರ್ಡ್. ಇನ್ನೂ ಚಿಕ್ಕದು, ಸುಮಾರು 8 ಸೆಂ.ಮೀ. ಗಂಡಿನ ಬೆನ್ನು, ಎದೆ ಕಡುಗೆಂಪು. ಹೆಣ್ಣು ಮಂಕಾಗಿದ್ದರೂ ಬಾಲದ ಬುಡದ ಮೇಲೆ ಕೆಂಪು ಇರುತ್ತದೆ. ರೆಕ್ಕೆ ಮಡಚಿ ಕೂತಾಗ ಅದು ಮುಚ್ಚಿಹೋಗಬಹುದು, ಹಾರುವಾಗ ಅಲ್ಲಿಗೇ ಕಣ್ಣಿಡಿ. ಕಾಣಲಿಲ್ಲವಾ? ‘ಸೂರಕ್ಕಿ, ಹೆಣ್ಣು ಅಥವಾ ಮರಿ’ ಅಂತ ಬರೆಯಿರಿ. ಜೊತೆಗೆ ತಿಂಗಳು, ಗಂಟಲಿನ ಬಣ್ಣ, ಬೆಳಕು ಹೇಗಿತ್ತು ಅನ್ನೋದನ್ನೂ ಸೇರಿಸಿ.