ಪ್ರೈವೇಟ್ ಫೌಂಡೇಶನ್ ಮುಚ್ಚಿ ಫಂಡ್ ಮಾಡುವುದು: ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 507ರ ಟಿಪ್ಪಣಿ

ಅಮೆರಿಕದ ಕುಟುಂಬವೊಂದರ ಪ್ರೈವೇಟ್ ಫೌಂಡೇಶನ್‌ನಲ್ಲಿ (ದಾನಕ್ಕೆಂದು ಮನೆಯವರೇ ಹಣ ಹಾಕಿ ನಡೆಸುವ ಸಂಸ್ಥೆ) 20 ಲಕ್ಷ ಡಾಲರ್ ಇದೆ ಎಂದುಕೊಳ್ಳಿ. ವರ್ಷಕ್ಕೆ ಸುಮಾರು 5%, ಅಂದರೆ 1 ಲಕ್ಷ ಡಾಲರ್, ದಾನಕ್ಕೆ ಹೋಗಬೇಕು. ಹೂಡಿಕೆಯ ನಿವ್ವಳ ಆದಾಯ 80,000 ಆದರೆ 1.39% ದರದಲ್ಲಿ ತೆರಿಗೆ 1,112 ಡಾಲರ್. ತೆರಿಗೆ ದೊಡ್ಡದಲ್ಲ, ಹೊರೆಯಾಗುವುದು 990-ಪಿಎಫ್ ಎಂಬ ವಾರ್ಷಿಕ ತೆರಿಗೆ ರಿಟರ್ನ್, ವಕೀಲರು ಮತ್ತು ಲೆಕ್ಕಿಗರ ಫೀ. ಅದಕ್ಕೇ ಹಲವರು ಎಲ್ಲವನ್ನೂ ಕಮ್ಯೂನಿಟಿ ಫೌಂಡೇಶನ್‌ನಂಥ ಪಬ್ಲಿಕ್ ಚಾರಿಟಿಗೆ (ಸಾರ್ವಜನಿಕರ ದೇಣಿಗೆಯಿಂದ ನಡೆಯುವ ಸಂಸ್ಥೆ) ಒಪ್ಪಿಸಿ, ಅಲ್ಲೇ ಡೋನರ್ ಅಡ್ವೈಸ್ಡ್ ಫಂಡ್ (ದಾನಿ ಸಲಹೆ ಕೊಡಬಹುದಾದ ಖಾತೆ) ತೆರೆಯುತ್ತಾರೆ.

ಮೊದಲು ನೋಡಬೇಕಾದ್ದು ಚಾರಿಟಿಯ ವಯಸ್ಸು. ವರ್ಗಾವಣೆಗೆ ಮುಂಚಿನ 60 ತಿಂಗಳು ಅದು ಸತತವಾಗಿ ಪಬ್ಲಿಕ್ ಚಾರಿಟಿಯಾಗಿಯೇ ಇದ್ದಿರಬೇಕು. ನಿವ್ವಳ ಆಸ್ತಿಯೆಲ್ಲ ಹೋಗಬೇಕು. ಫೌಂಡೇಶನ್ ಮೇಲೆ ನಿಯಮಗಳ ಉದ್ದೇಶಪೂರ್ವಕ ಉಲ್ಲಂಘನೆಗಳ ಕಳಂಕ ಇರಬಾರದು. ಆಗ ಸೆಕ್ಷನ್ 507(ಬಿ)(1)(ಎ) ಪ್ರಕಾರ, ಫೌಂಡೇಶನ್ ಮುಚ್ಚಿದ್ದಕ್ಕೆ ಹಾಕುವ ಮುಕ್ತಾಯ ತೆರಿಗೆ ಬೀಳುವುದಿಲ್ಲ. ಈ ತೆರಿಗೆ ಉಳಿದ ಆಸ್ತಿಯನ್ನೆಲ್ಲ ನುಂಗಬಲ್ಲದು, ಹಾಗಾಗಿ ದಿನಾಂಕಗಳನ್ನು ಕಾಗದದಲ್ಲೇ ಖಚಿತಪಡಿಸಿಕೊಳ್ಳಿ.

ಆಮೇಲೆ ಬೋರ್ಡ್ ನಿರ್ಣಯ, ವಿಸರ್ಜನಾ ಯೋಜನೆ, ಚಾರಿಟಿಯೊಂದಿಗೆ ಫಂಡ್ ಒಪ್ಪಂದ. ಹಣ ಕಳಿಸುವ ಮುಂಚೆಯೇ ರಾಜ್ಯದ ಅಟಾರ್ನಿ ಜನರಲ್‌ಗೆ ತಿಳಿಸಬೇಕೇ, ಅನುಮತಿ ಬೇಕೇ ಎಂದು ನೋಡಬೇಕು. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೊಡುವುದಾಗಿ ಮಾತು ಕೊಟ್ಟ ಅನುದಾನಗಳನ್ನು ಫೌಂಡೇಶನ್ ಇರುವಾಗಲೇ ತೀರಿಸುವುದು ಕ್ಷೇಮ. ಖಾಸಗಿ ಕಂಪನಿಯ ಷೇರು, ಜಮೀನು ಇದ್ದರೆ ಚಾರಿಟಿ ಸ್ವೀಕರಿಸುತ್ತದೆಯೇ ಕೇಳಿ. ಒಲ್ಲೆ ಎಂದರೆ ಹೊರಗೆ ಮಾರಬೇಕು. ಸ್ಥಾಪಕರ ಮನೆಯವರಿಗೆ ಮಾರಿದರೆ, ಬೆಲೆ ನ್ಯಾಯವಾಗಿದ್ದರೂ ಅದು ಸೆಲ್ಫ್ ಡೀಲಿಂಗ್, ಅಂದರೆ ಫೌಂಡೇಶನ್ ತನ್ನವರೊಂದಿಗೇ ಮಾಡುವ ನಿಷಿದ್ಧ ವ್ಯವಹಾರ.

ಹೆಚ್ಚು ಜನ ಎಡವುವುದು ಇಲ್ಲಿ: ಬ್ಯಾಂಕ್ ಖಾತೆಯನ್ನು ಸೊನ್ನೆ ಮಾಡಿಬಿಡುತ್ತಾರೆ. ಕೊನೆಯ ತೆರಿಗೆ, ಕೊನೆಯ ರಿಟರ್ನ್‌ನ ಫೀ ಆಮೇಲೆ ಬರುತ್ತವೆ. ಅಷ್ಟು ಹಣ ಉಳಿಸಿಕೊಂಡು, ಎಲ್ಲ ಕಟ್ಟಿದ ಮೇಲೆ ಮಿಕ್ಕಿದ್ದನ್ನು ಅದೇ ಫಂಡ್‌ಗೆ ಕಳಿಸಿ. ಅಂತಿಮ 990-ಪಿಎಫ್ ಆ ತೆರಿಗೆ ಅವಧಿ ಮುಗಿದ ನಂತರದ ಐದನೇ ತಿಂಗಳ 15ರೊಳಗೆ ಸಲ್ಲಬೇಕು.

ಇಷ್ಟಾದ ಮೇಲೆ ದುಡ್ಡು ಚಾರಿಟಿಯದು. ಕುಟುಂಬ ಸಲಹೆ ಕೊಡಬಹುದು, ಆದೇಶ ಕೊಡುವಂತಿಲ್ಲ. ಈ ಫಂಡ್‌ನಿಂದ ಕುಟುಂಬದವರಿಗೆ ಸಂಬಳವಿಲ್ಲ, ವಿದ್ಯಾರ್ಥಿಗೆ ನೇರ ಸ್ಕಾಲರ್‌ಶಿಪ್ ಇಲ್ಲ. ಇದನ್ನು ಸಹಿ ಹಾಕುವ ಮುಂಚೆ ಮನೆಮಂದಿಗೆಲ್ಲ ಬಿಡಿಸಿ ಹೇಳಲೇಬೇಕು. ಅಲ್ಲಿನ ಕನ್ನಡಿಗ ಕುಟುಂಬ ಊರಿನ ಸಂಸ್ಥೆಗೆ ಕೊಡುತ್ತಿದ್ದರೆ, ಚಾರಿಟಿ ವಿದೇಶಕ್ಕೆ ಅನುದಾನ ಕೊಡುತ್ತದೆಯೇ ಎಂಬುದನ್ನೂ ಒಪ್ಪಂದಕ್ಕೆ ಮೊದಲೇ ಕೇಳಿ. ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ (ಭಾರತದ ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕೇ ಬೇಕು.