ತಂದೆ ತಾಯಿಯನ್ನೂ ಗೋಡೆಗೆ ನಿಲ್ಲಿಸಿ ಅಳೆಯಿರಿ

“ನಮ್ಮ ವಂಶದಲ್ಲೇ ಎಲ್ಲರೂ ಗಿಡ್ಡ ಡಾಕ್ಟರೇ, ಇವನೂ ಹಾಗೆಯೇ.” ಜ್ವರಕ್ಕೆ ಔಷಧಿ ಕೇಳಲು ಮಗನನ್ನು ಕರೆತಂದಿದ್ದ ತಂದೆ ಇಷ್ಟು ಹೇಳಿ ಎದ್ದು ನಿಂತಿದ್ದರು. ಹುಡುಗನಿಗೆ ಒಂಬತ್ತು ವರ್ಷ, ಎತ್ತರ 108 ಸೆಂ.ಮೀ. ಐದು ವರ್ಷದ ಮಗುವಿಗೆ ಸಲ್ಲುವ ಎತ್ತರ ಅದು.

ನಾನು ತಂದೆ ತಾಯಿಯನ್ನೂ ಅಳೆದೆ: 165 ಮತ್ತು 152. ಗಂಡುಮಗುವಾದರೆ ಇವೆರಡನ್ನೂ ಕೂಡಿಸಿ, 13 ಸೇರಿಸಿ, ಅರ್ಧ ಮಾಡಬೇಕು. ಹೆಣ್ಣುಮಗುವಾದರೆ 13 ಕಳೆದು ಅರ್ಧ ಮಾಡಬೇಕು. ಈ ಹುಡುಗ ದೊಡ್ಡವನಾದ ಮೇಲೆ ಸುಮಾರು 165 ಸೆಂ.ಮೀ. ಇರಬೇಕಿತ್ತು. ಅವನು ಸಾಗುತ್ತಿದ್ದ ದಾರಿ ಅದರ ಹತ್ತಿರಕ್ಕೂ ಹೋಗುವಂತಿರಲಿಲ್ಲ. ಶಾಲೆಯ ದಾಖಲೆ ನೋಡಿದರೆ ವರ್ಷಕ್ಕೆ ಮೂರು ಸೆಂ.ಮೀ. ಕೂಡ ಬೆಳೆದಿರಲಿಲ್ಲ, ಆ ವಯಸ್ಸಿಗೆ ಐದಾದರೂ ಬೇಕು.

ಥೈರಾಯ್ಡ್ ಸರಿಯಾಗಿತ್ತು. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ತೀರ ಹಿಂದಿತ್ತು. ಔಷಧಿ ಕೊಟ್ಟು ಪ್ರಚೋದಿಸಿದಾಗಲೂ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸಲೇ ಇಲ್ಲ. ಆಗ ಕೇಳಿದೆ: ನೀವಿಬ್ಬರೂ ಸಂಬಂಧದಲ್ಲೇ ಮದುವೆಯಾದವರೇ? ತಂದೆ ಮದುವೆಯಾಗಿದ್ದುದು ಸ್ವಂತ ಅಕ್ಕನ ಮಗಳನ್ನು.

ಪಿಟ್ಯುಟರಿಗೆ ‘ಹಾರ್ಮೋನ್ ಬಿಡು’ ಎಂಬ ಸಂದೇಶ ಮಿದುಳಿನ ಹೈಪೋಥಲಾಮಸ್‌ನಿಂದ ಬರುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕವನ್ನು ರೂಪಿಸುವ ಜೀನ್ ಜಿಎಚ್‌ಆರ್‌ಎಚ್‌ಆರ್. ಅದರ ದೋಷ ಸಿಂಧ್ ಪ್ರಾಂತ್ಯದ ಮತ್ತು ಭಾರತದ ಹಲವು ಕುಟುಂಬಗಳಲ್ಲಿ ಪತ್ತೆಯಾಗಿದೆ. ಈ ಹುಡುಗನಲ್ಲೂ ಸಿಕ್ಕಿತು. ಈ ಜೀನ್ ಎಲ್ಲರಲ್ಲೂ ಎರಡು ಪ್ರತಿಯಾಗಿರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಕೆಟ್ಟ ಪ್ರತಿ ಇರುವವರು ಎಲ್ಲರಂತೆ ಬೆಳೆಯುತ್ತಾರೆ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಂಬಂಧದಲ್ಲೇ ಮದುವೆಯಾದರೆ ಅದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಸೋದರಮಾವನ ಮದುವೆ ನಮ್ಮಲ್ಲಿ ಪ್ರೀತಿಯ ಸಂಪ್ರದಾಯ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಈ ಲೆಕ್ಕವನ್ನು ಯಾರಾದರೂ ಹೇಳಲೇಬೇಕು.

ತಂದೆ ನಿಜಕ್ಕೂ ಬಹಳ ಗಿಡ್ಡ ಇದ್ದರೆ? ಆಗ ನನಗೆ ಇನ್ನಷ್ಟು ಅನುಮಾನ. ಮೂಳೆಗಳ ಬೆಳವಣಿಗೆಗೆ ಬೇಕಾದ ಶಾಕ್ಸ್ ಎಂಬ ಜೀನ್‌ನ ದೋಷಕ್ಕೆ ಒಂದೇ ಕೆಟ್ಟ ಪ್ರತಿ ಸಾಕು. ಮುಂಗೈ, ಮೊಣಕಾಲ ಕೆಳಗಿನ ಭಾಗ ಮೋಟಾಗಿ, ತಂದೆಯದೇ ಪತ್ತೆಯಾಗದ ಕಾಯಿಲೆ ಮಗನಿಗೆ ಬಂದಿರುತ್ತದೆ. ಕಾರಣ ತಿಳಿಯದೆ ಕುಳ್ಳಗಿರುವ ಪ್ರತಿ ಹೆಣ್ಣುಮಗುವಿಗೂ ವರ್ಣತಂತು ಪರೀಕ್ಷೆ ಮಾಡಿಸುತ್ತೇನೆ, ಒಂದು ಎಕ್ಸ್ ವರ್ಣತಂತು ಇಲ್ಲದೆ ಅಥವಾ ಅಪೂರ್ಣವಾಗಿ ಹುಟ್ಟುವ ಟರ್ನರ್ ಸಿಂಡ್ರೋಮ್ ಕಣ್ತಪ್ಪಬಾರದೆಂದು.

ಗಿಡ್ಡಗಿರುವ ಬಹುಪಾಲು ಮಕ್ಕಳು ಆರೋಗ್ಯವಂತರೇ. ಅವರಿಗೆ ಇಂಜೆಕ್ಷನ್ ಬೇಡ, ಜಾಹೀರಾತಿನ ಪುಡಿಯಂತೂ ಬೇಡವೇ ಬೇಡ. ಹಾರ್ಮೋನಿನ ಕೊರತೆ ಇರುವವರಿಗೆ ಮಾತ್ರ ದಿನಗಳು ಅಮೂಲ್ಯ: ಮೂಳೆಯ ತುದಿಯ ಬೆಳವಣಿಗೆಯ ಪದರ ಮುಚ್ಚಿಕೊಂಡ ಮೇಲೆ ಯಾವ ಹಾರ್ಮೋನೂ ಎತ್ತರ ಕೊಡಲಾರದು.

ಈ ಹುಡುಗ ಬೆಳವಣಿಗೆಯ ಹಾರ್ಮೋನಿನ ರಾತ್ರಿಯ ಚುಚ್ಚುಮದ್ದಿಗೆ ಒಗ್ಗಿಕೊಂಡ. ಮೊದಲ ವರ್ಷವೇ ಹತ್ತು ಸೆಂ.ಮೀ. ಬೆಳೆದ. ಕಳೆದ ಭೇಟಿಯಲ್ಲಿ ತಾಯಿ ಎರಡು ವರ್ಷದ ಮಗಳನ್ನೂ ಎತ್ತಿಕೊಂಡು ಬಂದಿದ್ದರು. “ಇವಳನ್ನೂ ಅಳೆದುಬಿಡಿ” ಎಂದರು.