ಹೊಳೆಯ ಇನ್ನೊಂದು ತುದಿಯ ಮೀನು

ಮಳೆಗಾಲದಲ್ಲಿ ನಮ್ಮ ಮನೆ ಬಾವಿ ನೀರಿನ ಪಿಎಚ್ ಅಳೆದರೆ 6ರ ಹತ್ತಿರ ಬರುತ್ತದೆ, ಅಂದರೆ ನೀರು ಸ್ವಲ್ಪ ಹುಳಿ. ಕೊಡಗಿನವರಿಗೆ ಇದು ಹೊಸ ವಿಷಯವೇನಲ್ಲ. ವರ್ಷ ವರ್ಷ ಸುರಿಯುವ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ಅಲ್ವಾ ನಾವು ಕಾಫಿ ತೋಟಕ್ಕೆ ಸುಣ್ಣ ಹಾಕುವುದು? ಕುಡಿಯಲು, ಅನ್ನ ಬೇಯಿಸಲು ಈ ಮೆದು ನೀರು ಬಹಳ ಚೆನ್ನ. ಆದರೆ ಕೆಲವು ವರ್ಷಗಳ ಹಿಂದೆ ನಾನು ಇದೇ ನೀರಿಗೆ ತಪ್ಪು ಮೀನೊಂದನ್ನು ತಂದು ಬಿಟ್ಟೆ.

ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಮೀನು. ಹಸಿರು ಬೆನ್ನು, ಅದರ ಮೇಲೆ ಕರಿ ಚುಕ್ಕಿ, ಹಾಲಿನಂಥ ಹೊಟ್ಟೆ. ಗಾಜಿನ ಆಚೆಯಿಂದ ನಮ್ಮನ್ನೇ ನೋಡುವ ಎರಡು ದೊಡ್ಡ ಕಣ್ಣು. ಒಂದು ಕಣ್ಣು ನನ್ನ ಕಡೆ ಇದ್ದರೆ ಇನ್ನೊಂದು ಬೇರೆ ಕಡೆ ತಿರುಗುತ್ತಿತ್ತು. ಅಂಗಡಿಯವರು ‘ಇದು ಸಿಹಿನೀರಿನ ಪಫರ್, ಸುಮ್ನೆ ಬಾವಿ ನೀರು ಹಾಕಿ, ಸಾಕು’ ಎಂದರು. ನಾನು ನಂಬಿದೆ. ಪಫರ್ ಅಂದರೆ ಹೆದರಿದಾಗ ಚೆಂಡಿನಂತೆ ಉಬ್ಬುವ ಮೀನು. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಮೂರನೇ ತಿಂಗಳಿಗೆ ಆ ಬಿಳಿ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಮೀನು ಮೂಲೆ ಹಿಡಿಯಿತು, ಊಟ ಬಿಟ್ಟಿತು. ಮೈಮೇಲೆ ಬಿಳಿ ಚುಕ್ಕಿಗಳು ಎದ್ದವು. ಪಫರ್ ಮೀನಿನ ಹೊಟ್ಟೆ ಕಪ್ಪಾದರೆ ಅದು ಕಷ್ಟದಲ್ಲಿದೆ ಎಂದರ್ಥ. ಅದು ಆಗ ನನಗೆ ತಿಳಿದಿರಲಿಲ್ಲ.

ನಾನು ತಂದಿದ್ದು ಹಸಿರು ಚುಕ್ಕಿ ಪಫರ್. ಹೆಸರು ಡೈಕಾಟಮಿಕ್ಟೀರೆ ನೈಗ್ರೊವಿರಿಡಿಸ್. ಹಳೆಯ ಪುಸ್ತಕಗಳಲ್ಲಿ ಟೆಟ್ರಾಒಡಾನ್ ನೈಗ್ರೊವಿರಿಡಿಸ್ ಎಂದಿರುತ್ತದೆ. ಶ್ರೀಲಂಕಾದಿಂದ ಇಂಡೋನೇಷ್ಯಾವರೆಗೆ, ನದಿ ಸಮುದ್ರ ಸೇರುವ ಅಳಿವೆಗಳಲ್ಲಿ, ಕಾಂಡ್ಲಾ ಕಾಡುಗಳ ಬೇರಿನ ನಡುವೆ ಇದರ ವಾಸ. ವಿಜ್ಞಾನಿಗಳಿಗೆ ಇದು ತುಂಬ ಬೇಕಾದ ಮೀನು. 2004ರಲ್ಲಿ ಇದರ ಜೀನೋಮ್‌ನ, ಅಂದರೆ ವಂಶವಾಹಿ ಬರಹದ, ಕರಡು ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಚಿಕ್ಕ ಜೀನೋಮ್ ಇರುವುದು ಅಪರೂಪ. ಉದ್ದದಲ್ಲಿ ನಮ್ಮದರ ಎಂಟನೇ ಒಂದು ಭಾಗದಷ್ಟು ಮಾತ್ರ.

ಕೊಡಗಿನಲ್ಲಿ ಹೊಳೆಗಳು ಹುಟ್ಟುತ್ತವೆ. ಬ್ರಹ್ಮಗಿರಿಯ ಕಡೆ ಬಿದ್ದ ಮಳೆಯ ಒಂದು ಪಾಲು ಲಕ್ಷ್ಮಣತೀರ್ಥದಲ್ಲಿ ಹರಿದು, ಕಾವೇರಿ ಸೇರಿ, ದೂರದ ಬಂಗಾಳ ಕೊಲ್ಲಿಯ ದಡದ ಪೂಂಪುಹಾರ್ ಮುಟ್ಟುತ್ತದೆ. ಇನ್ನೊಂದು ಪಾಲು ಬರಪೊಳೆಯಾಗಿ ಪಡುವಣಕ್ಕೆ ಇಳಿದು, ಕೇರಳದಲ್ಲಿ ವಳಪಟ್ಟಣಂ ಹೊಳೆ ಎಂಬ ಹೆಸರಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ನನ್ನ ಮೀನು ಹೊಳೆಯ ಆ ಕಡೆಯ ತುದಿಯದು. ಅದನ್ನು ನಾನು ಹೊಳೆ ಹುಟ್ಟುವ ಜಾಗದ ನೀರಿನಲ್ಲಿ ಇಟ್ಟಿದ್ದೆ.

ಉಪ್ಪಿಲ್ಲದ ನೀರಿನಲ್ಲಿ ಅದಕ್ಕೆ ಏನಾಯಿತು? ಉಪ್ಪಿನಕಾಯಿಗೆ ಉಪ್ಪು ಸವರಿಟ್ಟ ಮಾವಿನ ಹೋಳು ನೀರು ಬಿಡುತ್ತದೆ. ನೀರಿಗೆ ಹಾಕಿದ ಒಣದ್ರಾಕ್ಷಿ ಉಬ್ಬುತ್ತದೆ. ಉಪ್ಪು, ಸಕ್ಕರೆ ಎಲ್ಲಿ ಜಾಸ್ತಿಯೋ ನೀರು ಆ ಕಡೆ ಸರಿಯುತ್ತದೆ. ಮೀನಿನ ಕಿವಿರು ಬಹಳ ತೆಳು, ಅದರ ಮೂಲಕವೂ ಇದೇ ನಡೆಯುತ್ತದೆ. ಮೀನಿನ ರಕ್ತದಲ್ಲಿ ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗದಷ್ಟು ಉಪ್ಪಿರುತ್ತದೆ. ಬಾವಿ ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ನೀರು ಮೈಯೊಳಗೆ ನುಗ್ಗುತ್ತಲೇ ಇರುತ್ತದೆ, ಉಪ್ಪು ಸೋರುತ್ತಲೇ ಇರುತ್ತದೆ. ಮೂತ್ರಪಿಂಡಗಳು ಹಗಲೂ ರಾತ್ರಿ ನೀರು ಹೊರಹಾಕಬೇಕು. ಕಿವಿರಿನ ಜೀವಕೋಶಗಳು ಉಪ್ಪಿನ ಒಂದೊಂದು ಕಣವನ್ನೂ ಹಿಡಿದು ಒಳಗೆ ತರಬೇಕು. ಸಮುದ್ರದಲ್ಲಾದರೆ ಇದಕ್ಕೆ ಉಲ್ಟಾ. ಅಲ್ಲಿ ಮೈಯ ನೀರು ಹೊರಗೆ ಹೋಗುತ್ತದೆ. ಮೀನು ಸಮುದ್ರದ ನೀರನ್ನೇ ಕುಡಿದು, ಉಪ್ಪನ್ನು ಕಿವಿರಿನಿಂದ ಆಚೆ ತಳ್ಳುತ್ತದೆ.

ಅಳಿವೆಯ ಮೀನು ಈ ಎರಡೂ ಕೆಲಸ ಬಲ್ಲದು. ಅಲ್ಲಿ ಭರತ ಬಂದಾಗ ಭಾರದ ಉಪ್ಪುನೀರು ತಳದಲ್ಲಿ ಒಳಗೆ ನುಗ್ಗುತ್ತದೆ, ಹಗುರದ ಹೊಳೆನೀರು ಅದರ ಮೇಲೆ ತೇಲುತ್ತದೆ. ಇಳಿತದಲ್ಲಿ ಎಲ್ಲ ಬದಲು. ಹೀಗೆ ಬದಲಾಗುವ ನೀರಿಗೆ ಹೊಂದಿಕೊಂಡ ಮೈ ಅದು. ಅದಕ್ಕೇ ಸಿಹಿನೀರಿಗೆ ಬಿಟ್ಟ ತಕ್ಷಣ ಸಾಯುವುದಿಲ್ಲ. ತಿಂಗಳುಗಟ್ಟಲೆ ಬದುಕುತ್ತದೆ. ಅಂಗಡಿಯವರೂ ನಾವೂ ಮೋಸ ಹೋಗುವುದು ಇಲ್ಲೇ. ಮೀನು ಈಜುತ್ತಿದೆ, ಆದ್ದರಿಂದ ಆರಾಮವಾಗಿದೆ ಎಂದುಕೊಳ್ಳುತ್ತೇವೆ. ಒಳಗೆ ಅದರ ಶಕ್ತಿಯೆಲ್ಲ ನೀರು, ಉಪ್ಪಿನ ಲೆಕ್ಕ ಸರಿದೂಗಿಸಲು ಹೋಗುತ್ತಿರುತ್ತದೆ. ರೋಗ ತಡೆಯಲು ಏನೂ ಉಳಿಯುವುದಿಲ್ಲ. ಆ ಮೊದಲ ಮೀನನ್ನು ನಾನು ಉಳಿಸಿಕೊಳ್ಳಲಾಗಲಿಲ್ಲ. ಈಗಲೂ ಆ ನೋವಿದೆ.

ಎರಡನೇ ಮೀನು ತರುವ ಮೊದಲು ನೀರನ್ನೇ ತಯಾರು ಮಾಡಿದೆ. ಅಡುಗೆ ಉಪ್ಪು ಇದಕ್ಕೆ ಆಗುವುದಿಲ್ಲ. ಅದು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎಲ್ಲ ಇವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮರೈನ್ ಸಾಲ್ಟ್ ಇವನ್ನೆಲ್ಲ ಸೇರಿಸಿ ಮಾಡಿದ್ದು. ನೀರು ಎಷ್ಟು ಉಪ್ಪಾಯಿತು ಎಂದು ತಿಳಿಯಲು ಸಾಪೇಕ್ಷ ಸಾಂದ್ರತೆ, ಅಂದರೆ ಸಿಹಿನೀರಿಗಿಂತ ಅದು ಎಷ್ಟು ಪಟ್ಟು ಭಾರ ಎಂದು ಅಳೆಯುತ್ತೇವೆ. ಸಿಹಿನೀರು 1.000, ಸಮುದ್ರ ಸುಮಾರು 1.026. ಮರಿ ಪಫರ್‌ಗೆ 1.005 ಸಾಕು, ಅಂದರೆ ಲೀಟರಿಗೆ ಹತ್ತಿರ ಹತ್ತಿರ 7 ಗ್ರಾಂ ಉಪ್ಪು. ಬೆಳೆದಂತೆ 1.010, 1.015 ಎಂದು ಏರಿಸಬೇಕು. ವಾರಕ್ಕೆ 0.002ಕ್ಕಿಂತ ಜಾಸ್ತಿ ಬೇಡ. ಮೀನಿನದಷ್ಟೇ ಅಲ್ಲ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾಗಳ ಗತಿಯನ್ನೂ ಯೋಚಿಸಬೇಕು. ಉಪ್ಪನ್ನು ಬಕೆಟ್‌ನಲ್ಲಿ ಹಿಂದಿನ ದಿನವೇ ಕರಗಿಸಿಡಿ, ತೊಟ್ಟಿಗೆ ನೇರ ಸುರಿಯಬೇಡಿ. ಅಳೆಯಲು ರಿಫ್ರ್ಯಾಕ್ಟೋಮೀಟರ್ ಆದರೆ ಒಳ್ಳೆಯದು. ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಮಾರ್ಚ್ ಬಿಸಿಲಲ್ಲಿ ನೀರು ಇಳಿದರೆ ಸಿಹಿನೀರನ್ನೇ ತುಂಬಬೇಕು.

ನಮ್ಮ ಹುಳಿ ನೀರಿಗೆ ಇನ್ನೊಂದು ಕೆಲಸವಿದೆ. ಈ ಮೀನಿಗೆ ಪಿಎಚ್ 8ರ ಆಸುಪಾಸು ಬೇಕು. ತೊಟ್ಟಿಯ ತಳಕ್ಕೆ ನಾನು ಹವಳದ ಪುಡಿ ಹಾಸಿದ್ದೇನೆ, ಫಿಲ್ಟರಿನಲ್ಲೂ ಒಂದು ಚೀಲ ಇಟ್ಟಿದ್ದೇನೆ. ತೋಟಕ್ಕೆ ಸುಣ್ಣ ಹಾಕಿದ ಹಾಗೇ ಇದು. ಕ್ಯಾಲ್ಸಿಯಂ ಕಾರ್ಬೊನೇಟ್ ನಿಧಾನವಾಗಿ ಕರಗುತ್ತಾ ಹುಳಿಯನ್ನು ಕಡಿಮೆ ಮಾಡುತ್ತದೆ. ಆದರೆ ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮೀನು ತರಬೇಡಿ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಖಾಲಿ ತೊಟ್ಟಿ ನೋಡಿ ಮನೆಯವರು ಕೇಳುತ್ತಾರೆ, ಕೇಳಲಿ ಬಿಡಿ.

ಈ ಮೀನು 15 ಸೆಂಟಿಮೀಟರ್ ಬೆಳೆಯುತ್ತದೆ, ಹತ್ತು ವರ್ಷ ಬದುಕಬಲ್ಲದು. ಜಗಳಗಂಟ. ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ. ನನ್ನದು 200 ಲೀಟರ್ ತೊಟ್ಟಿಯಲ್ಲಿ ಒಂಟಿಯಾಗಿದೆ.

ಇದರ ಹಲ್ಲಿನ ವಿಷಯ ಹೇಳಲೇಬೇಕು. ಟೆಟ್ರಾಒಡಾನ್ ಎಂದರೆ ನಾಲ್ಕು ಹಲ್ಲಿನದು. ಮೇಲೆ ಎರಡು, ಕೆಳಗೆ ಎರಡು, ಸೇರಿ ಗಿಳಿಯ ಕೊಕ್ಕಿನಂತೆ ಇರುತ್ತವೆ. ಅವು ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಚಿಪ್ಪು ಕಡಿದು ಸವೆಯದಿದ್ದರೆ ಬಾಯಿ ಮುಚ್ಚಿಹೋಗಿ ಮೀನು ಹಸಿವಿನಿಂದ ಸಾಯುತ್ತದೆ. ಹಾಗಾಗಿ ಬಸವನಹುಳು ಬೇಕೇ ಬೇಕು. ಗದ್ದೆಯಿಂದ ಹಿಡಿದು ತಂದು ಹಾಕಬೇಡಿ, ಔಷಧಿಯ ಅಂಶ, ಪರಾವಲಂಬಿ ಹುಳ ಎರಡರ ಭಯವೂ ಇದೆ. ಶನಿವಾರಸಂತೆ ಕಡೆಯ ತೋಟಗಳನ್ನು ಕಾಡುವ ಆಫ್ರಿಕನ್ ಬಸವನಹುಳುವೂ ಬೇಡ, ಅದನ್ನು ಕೊಲ್ಲಲು ವಿಷ ಇಡುತ್ತಾರೆ. ನಾನು ಹಿತ್ತಲಿನ ಟಬ್ಬಿನಲ್ಲಿ ಸಣ್ಣ ನೀರು ಬಸವನಹುಳು ಸಾಕಿದ್ದೇನೆ. ಜೊತೆಗೆ ಮಂಗಳೂರು ಮೀನು ಬಂದ ದಿನ ಸಿಪ್ಪೆ ಸಮೇತ ಸಿಗಡಿ, ಏಡಿ ಕಾಲು, ಮರುವಾಯಿ ಎಂಬ ಚಿಪ್ಪುಮೀನು. ಚಿಪ್ಪು ಒಡೆಯುವ ಕಟಕ್ ಸದ್ದು ಹಾಲ್‌ನ ಆಚೆ ಬದಿಗೂ ಕೇಳುತ್ತದೆ.

ಮೀನನ್ನು ಉಬ್ಬಿಸಿ ತೋರಿಸಿ ಎಂದು ನೆಂಟರು ಕೇಳುತ್ತಾರೆ. ನಾನು ತೋರಿಸುವುದಿಲ್ಲ. ಅದು ಹೆದರಿದಾಗ ಮಾತ್ರ ಹೊಟ್ಟೆಗೆ ನೀರು ಎಳೆದುಕೊಂಡು ಚೆಂಡಿನಂತಾಗುತ್ತದೆ. ಪಕ್ಕೆಲುಬು ಇಲ್ಲದ್ದರಿಂದ ಹೊಟ್ಟೆ ಅಷ್ಟು ಹಿಗ್ಗುತ್ತದೆ. ನೀರಿನಿಂದ ಹೊರಗೆ ಎತ್ತಿದರೆ ಗಾಳಿ ಎಳೆದುಕೊಂಡುಬಿಡುತ್ತದೆ, ಅದು ಹೊರಗೆ ಹೋಗದೆ ಜೀವಕ್ಕೇ ಅಪಾಯ. ಬೇರೆ ಕಡೆ ಸಾಗಿಸಬೇಕಾದರೆ ಬಲೆ ಬಿಟ್ಟು ಪಾತ್ರೆಯಲ್ಲಿ ನೀರಿನ ಜೊತೆಗೇ ಎತ್ತಿ. ಇನ್ನು ಪಫರ್ ಮೀನುಗಳ ಮೈಯಲ್ಲಿರುವ ವಿಷದ ಮಾತು. ಟೆಟ್ರೊಡೊಟಾಕ್ಸಿನ್ ಎಂಬ ಹೆಸರನ್ನು 1909ರಲ್ಲಿ ಜಪಾನಿನ ಯೋಶಿಜುಮಿ ತಹಾರಾ ಕೊಟ್ಟರು. ನರಗಳ ಸೋಡಿಯಂ ಬಾಗಿಲುಗಳನ್ನು ಮುಚ್ಚಿ ಉಸಿರಾಟ ನಿಲ್ಲಿಸುವ ವಿಷ ಅದು. ಮೀನು ಇದನ್ನು ತಾನೇ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾಗಳಿಂದ ಹುಟ್ಟಿ ಆಹಾರದ ಮೂಲಕ ಬರುತ್ತದೆ. ತೊಟ್ಟಿಯಲ್ಲಿ ಮುಟ್ಟುವುದರಿಂದ ಏನೂ ಆಗದು. ಆದರೆ ಮೀನು ಸತ್ತರೆ ನಾಯಿ, ಬೆಕ್ಕಿಗೆ ಸಿಗದಂತೆ ಆಳವಾಗಿ ಹೂಳಬೇಕು.

ಕೊಡಗಿನ ನಿಜವಾದ ಪರೀಕ್ಷೆ ಜುಲೈ ತಿಂಗಳು. ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಮೀನಿಗೆ 25, 26 ಡಿಗ್ರಿ ಬೇಕು, ಮನೆಯೊಳಗೇ 18 ಇರುತ್ತದೆ. ಮಡಿಕೇರಿ ಎತ್ತರ ಸುಮಾರು 1,150 ಮೀಟರ್. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಎಂಟರಲ್ಲೊಂದು ಭಾಗ ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಉಪ್ಪು ಸೇರಿದರೆ ಇನ್ನೂ ಕಡಿಮೆ. ಹಾಗಾಗಿ ಹೀಟರಿಗಿಂತ ಮೊದಲು ಗಾಳಿ ಮುಖ್ಯ. ಬ್ಯಾಟರಿ ಏರ್ ಪಂಪ್ ಎರಡು ಇಟ್ಟುಕೊಂಡಿದ್ದೇನೆ. ಅದಕ್ಕೆ ಸ್ಪಂಜ್ ಫಿಲ್ಟರ್ ಜೋಡಿಸಿದರೆ ಬ್ಯಾಕ್ಟೀರಿಯಾಗಳೂ ಉಳಿಯುತ್ತವೆ. ತೊಟ್ಟಿಗೆ ದಪ್ಪ ಕಂಬಳಿ ಸುತ್ತುತ್ತೇನೆ. 200 ಲೀಟರ್ ನೀರು ಬೇಗ ತಣಿಯುವುದಿಲ್ಲ. ಕರೆಂಟ್ ಬರುವವರೆಗೆ ಊಟ ಹಾಕುವುದಿಲ್ಲ. ಊಟವಿಲ್ಲದಿದ್ದರೆ ಅಮೋನಿಯಾವೂ ಕಡಿಮೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ನಮ್ಮ ಘಟ್ಟದ್ದೇ ಒಂದು ಪಫರ್ ಇದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಬಟಾಣಿ ಪಫರ್. ಉದ್ದ 3 ಸೆಂಟಿಮೀಟರ್ ಆಸುಪಾಸು. ಅದು ಅಪ್ಪಟ ಸಿಹಿನೀರಿನದು, ಅದಕ್ಕೆ ಉಪ್ಪು ಹಾಕಬಾರದು. ಕಾಡಿನಿಂದ ಜಾಸ್ತಿ ಹಿಡಿದು ಅದರ ಸಂಖ್ಯೆ ಕುಸಿಯುತ್ತಿದೆ, ಅಪಾಯದ ಅಂಚಿನ ಪಟ್ಟಿಯಲ್ಲಿದೆ. ಮನೆಯಲ್ಲಿ ಮರಿ ಮಾಡಿಸಿದವರಿಂದ ಮಾತ್ರ ತನ್ನಿ.

ವಾರಕ್ಕೊಮ್ಮೆ 50 ಲೀಟರ್ ಉಪ್ಪುನೀರು ತೆಗೆಯುತ್ತೇನೆ. ಅದನ್ನು ಕಾಫಿ ಬುಡಕ್ಕೋ ಮೆಣಸಿನ ಬಳ್ಳಿಗೋ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ತೋಡಿಗೂ ಬಿಡುವುದಿಲ್ಲ. ಬಾವಿಯಿಂದ ದೂರ, ಅಂಗಳದಾಚೆಯ ಕಲ್ಲುರಾಶಿಗೆ ಹೊತ್ತುಕೊಂಡು ಹೋಗಿ ಸುರಿಯುತ್ತೇನೆ. ವಾಪಸ್ ಬರುವ ಹೊತ್ತಿಗೆ ಮೀನು ಗಾಜಿಗೆ ಮೂತಿ ಒತ್ತಿಕೊಂಡು ನಿಂತಿರುತ್ತದೆ. ಹೊಟ್ಟೆ ಬೆಳ್ಳಗಿದೆಯಾ ಎಂದು ಮೊದಲು ನೋಡುತ್ತೇನೆ. ಆಮೇಲೆ ಹುಳು ತರಲು ಹಿತ್ತಲಿಗೆ ಹೋಗುತ್ತೇನೆ.